ಚಾರ್ಲ್ಸ್ ಲಯಲ್‌ನ ಟಿಪ್ಪಣಿ ಪುಸ್ತಕಗಳು: ಭೂವಿಜ್ಞಾನ ಚರಿತ್ರೆಯ ಒಂದು ಮೂಲ ಆಕರ

ಹತ್ತೊಂಬತ್ತನೆಯ ಶತಮಾನದ ಭೂವಿಜ್ಞಾನದ ಚರಿತ್ರೆಯನ್ನು ಬಹುಮಟ್ಟಿಗೆ ಅಚ್ಚಾದ ಗ್ರಂಥಗಳ ಆಧಾರದಿಂದಲೇ ಬರೆಯಲಾಗಿದೆ. ಗ್ರಂಥವು ಲೇಖಕನ ಕೊನೆಯ ತೀರ್ಮಾನವನ್ನು ತಿಳಿಸುತ್ತದೆ. ಆ ತೀರ್ಮಾನಕ್ಕೆ ಅವನು ತಲುಪಿದ ಬಗೆಯನ್ನು, ನಡುವೆ ಕೈಬಿಟ್ಟ ಊಹೆಗಳನ್ನು, ಹೇಳಲು ಹಿಂಜರಿದ ಮಾತುಗಳನ್ನು ಅದು ಸಾಮಾನ್ಯವಾಗಿ ಮರೆಮಾಡುತ್ತದೆ. ಈ ಕೊರತೆಯನ್ನು ತುಂಬಿಕೊಡುವ ಆಕರಗಳಲ್ಲಿ ಸ್ಕಾಟ್ಲೆಂಡಿನ ಭೂವಿಜ್ಞಾನಿ ಸರ್ ಚಾರ್ಲ್ಸ್ ಲಯಲ್‌ನ (1797–1875) ಟಿಪ್ಪಣಿ ಪುಸ್ತಕಗಳು ಅತ್ಯಂತ ಮಹತ್ವದವು. 1820ರ ದಶಕದಿಂದ 1870ರ ದಶಕದವರೆಗೆ, ಸುಮಾರು ಅರ್ಧ ಶತಮಾನ ಕಾಲ ಅವನು ಬರೆದಿಟ್ಟ ಈ ಪುಸ್ತಕಗಳ ಸಂಖ್ಯೆ 294. ಇವು ದೀರ್ಘಕಾಲ ಅವನ ಕುಟುಂಬದವರ ಬಳಿಯಲ್ಲಿದ್ದು, 2019ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾನಿಲಯದ ಗ್ರಂಥಾಲಯದ ಸ್ವತ್ತಾದವು. ಈ ಪುಸ್ತಕಗಳ ಸ್ವರೂಪವನ್ನೂ, ಅವುಗಳಿಂದ ಲಯಲ್‌ನ ವಿಚಾರಗಳ ಚರಿತ್ರೆಯ ಮೇಲೆ ಬೀಳುವ ಬೆಳಕನ್ನೂ ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

1. ವ್ಯಕ್ತಿ ಮತ್ತು ವಿಧಾನ

ಲಯಲ್ ಹುಟ್ಟಿದ್ದು ಸ್ಕಾಟ್ಲೆಂಡಿನ ಫಾರ್‌ಫರ್‌ಶೈರ್ ಪ್ರಾಂತದ ಕಿನಾರ್ಡಿ ಎಂಬಲ್ಲಿನ ಜಮೀನ್ದಾರಿ ಮನೆತನದಲ್ಲಿ. ಆಕ್ಸ್‌ಫರ್ಡಿನಲ್ಲಿ ವಿಲಿಯಂ ಬಕ್‌ಲ್ಯಾಂಡನ ಉಪನ್ಯಾಸಗಳಿಂದ ಭೂವಿಜ್ಞಾನದ ಕಡೆಗೆ ಒಲಿದ ಅವನು, ವೃತ್ತಿಗಾಗಿ ಕಾನೂನು ಓದಿ ವಕೀಲನಾದನು. ದೃಷ್ಟಿ ದುರ್ಬಲವಾಗಿದ್ದುದು ಅವನನ್ನು ಜೀವನದುದ್ದಕ್ಕೂ ಕಾಡಿತು. ವಕೀಲಿ ವೃತ್ತಿಯನ್ನು ಬೇಗನೆ ತೊರೆದರೂ ಆ ಶಿಕ್ಷಣದ ಗುರುತು ಅವನ ಬರವಣಿಗೆಯಲ್ಲಿ ಉಳಿಯಿತು. ಸಾಕ್ಷ್ಯವನ್ನು ಕಲೆಹಾಕುವುದು, ಎದುರು ವಾದವನ್ನು ಮೊದಲೇ ಊಹಿಸಿ ಉತ್ತರ ಸಿದ್ಧಪಡಿಸುವುದು, ಮಂಡನೆಯನ್ನು ಕ್ರಮಬದ್ಧವಾಗಿ ಕಟ್ಟುವುದು ಅವನ ರೀತಿ.

ಟಿಪ್ಪಣಿ ಪುಸ್ತಕಗಳು ಈ ರೀತಿಯ ಮೊದಲ ಹಂತ. ಬಂಡೆಯ ಸ್ತರಗಳ ಛೇದಚಿತ್ರಗಳು, ಸಿಕ್ಕ ಚಿಪ್ಪುಗಳ ಹೆಸರುಗಳು, ಸ್ಥಳೀಯರಿಂದ ಕೇಳಿ ತಿಳಿದ ಸಂಗತಿಗಳು, ಓದಿದ ಗ್ರಂಥಗಳ ಸಾರ, ಇತರ ವಿದ್ವಾಂಸರೊಡನೆ ನಡೆದ ಸಂಭಾಷಣೆ, ಮುಂದೆ ವಿಚಾರಿಸಬೇಕಾದ ಪ್ರಶ್ನೆಗಳು ಎಲ್ಲವೂ ಒಂದೇ ಪುಸ್ತಕದಲ್ಲಿ ಬೆರೆತಿವೆ. ಪುಸ್ತಕಗಳಿಗೆ ಲಯಲ್ ತಾನೇ ವಿಷಯಸೂಚಿಗಳನ್ನು ಸಿದ್ಧಪಡಿಸಿಕೊಂಡಿದ್ದನು. ಹತ್ತಾರು ವರ್ಷಗಳ ಹಿಂದಿನ ಅವಲೋಕನವನ್ನು ಹೊಸ ವಾದಕ್ಕೆ ಬಳಸಿಕೊಳ್ಳಲು ಈ ಸೂಚಿಗಳು ನೆರವಾಗುತ್ತಿದ್ದವು. ಅವನ ‘ಭೂವಿಜ್ಞಾನದ ಮೂಲತತ್ತ್ವಗಳು’ ಎಂಬ ಗ್ರಂಥ 1830ರಿಂದ 1833ರ ನಡುವೆ ಮೂರು ಸಂಪುಟಗಳಲ್ಲಿ ಪ್ರಕಟವಾಗಿ, ಹನ್ನೆರಡು ಆವೃತ್ತಿಗಳನ್ನು ಕಂಡಿತು. ಕೊನೆಯದು ಹೊರಬಂದದ್ದು 1875ರಲ್ಲಿ, ಅವನ ಮರಣಾನಂತರ. ಪ್ರತಿ ಆವೃತ್ತಿಯಲ್ಲಿಯೂ ತಿದ್ದುತ್ತಾ ಹೋದ ಇಂತಹ ಲೇಖಕನಿಗೆ ಟಿಪ್ಪಣಿ ಪುಸ್ತಕಗಳು ನಿತ್ಯವೂ ತೆರೆದು ನೋಡಬೇಕಾದ ಉಗ್ರಾಣವಾಗಿದ್ದವು.

2. ಸಿಸಿಲಿಯ ಸಾಕ್ಷ್ಯ: 1828–29

1828ರ ಮೇ ತಿಂಗಳಿನಲ್ಲಿ ಲಯಲ್, ರಾಡೆರಿಕ್ ಮರ್ಚಿಸನ್ ಮತ್ತು ಅವನ ಪತ್ನಿ ಷಾರ್ಲೆಟ್ ಅವರೊಡನೆ ಫ್ರಾನ್ಸಿನ ಓವರ್ನ್ ಪ್ರದೇಶಕ್ಕೆ ಹೊರಟನು. ಅಲ್ಲಿನ ಆರಿಹೋದ ಜ್ವಾಲಾಮುಖಿಗಳ ಲಾವಾ ಹಾಸುಗಳನ್ನು ನದಿಗಳು ಕೊರೆದು ಕಣಿವೆಗಳನ್ನು ಮಾಡಿದ್ದವು. ನೀರಿನ ಸಾಮಾನ್ಯ ಕ್ರಿಯೆಯೇ ದೀರ್ಘಾವಧಿಯಲ್ಲಿ ಇಂತಹ ಪರಿಣಾಮವನ್ನು ಉಂಟುಮಾಡಬಲ್ಲದೆಂಬ ವಾದಕ್ಕೆ ಈ ದೃಶ್ಯ ಬಲ ನೀಡಿತು. ಮರ್ಚಿಸನ್ ದಂಪತಿಗಳು ಉತ್ತರ ಇಟಲಿಯಿಂದ ಹಿಂದಿರುಗಿದ ಮೇಲೆ ಲಯಲ್ ದಕ್ಷಿಣಕ್ಕೆ ಮುಂದುವರಿದು ನೇಪಲ್ಸ್ ಹಾಗೂ ಸಿಸಿಲಿಯನ್ನು ಸುತ್ತಿದನು.

ಸಿಸಿಲಿಯಲ್ಲಿ ಅವನು ಕಂಡ ಸಂಗತಿ ನಿರ್ಣಾಯಕವಾದುದು. ಎಟ್ನಾ ಪರ್ವತವು ಅಸಂಖ್ಯ ಲಾವಾ ಪ್ರವಾಹಗಳು ಒಂದರ ಮೇಲೊಂದು ಸೇರಿ ಬೆಳೆದದ್ದು. ಐತಿಹಾಸಿಕ ಕಾಲದ ಪ್ರವಾಹಗಳು ಅದರ ಗಾತ್ರಕ್ಕೆ ಸೇರಿಸಿದ್ದು ಅತ್ಯಲ್ಪ. ಆದುದರಿಂದ ಪರ್ವತದ ವಯಸ್ಸು ಮಾನವ ಚರಿತ್ರೆಯ ಅಳತೆಗೆ ಸಿಗುವಂತಹುದಲ್ಲ. ಆದರೆ ಆ ಪರ್ವತದ ತಳದಲ್ಲಿರುವ ಸಮುದ್ರಜನ್ಯ ಸ್ತರಗಳಲ್ಲಿ ದೊರೆತ ಚಿಪ್ಪುಗಳು ಬಹುಪಾಲು ಅಂದಿನ ಮೆಡಿಟರೇನಿಯನ್ ಸಮುದ್ರದಲ್ಲಿ ಬದುಕಿದ್ದ ಜಾತಿಗಳವೇ ಆಗಿದ್ದವು. ದ್ವೀಪದ ನಡುವಿನ ಕಾಸ್ಟ್ರೊಜೊವಾನಿಯ ಎತ್ತರದ ಸುಣ್ಣಕಲ್ಲಿನಲ್ಲಿಯೂ ಅಂತಹವೇ ಕಂಡವು. ಮಾನವನಿಗೆ ಊಹಾತೀತವಾಗಿ ತೋರುವ ಆ ಪರ್ವತವು ಭೂಮಿಯ ಲೆಕ್ಕದಲ್ಲಿ ಇತ್ತೀಚಿನದು ಎಂಬ ತೀರ್ಮಾನ ಇದರಿಂದ ಅನಿವಾರ್ಯವಾಯಿತು.

ಈ ತೀರ್ಮಾನ ಒಂದು ಗಣನೆಯ ಕ್ರಮಕ್ಕೆ ದಾರಿ ಮಾಡಿತು. ಪ್ಯಾರಿಸಿನ ಚಿಪ್ಪುತಜ್ಞ ಡೆಷೆಯ ನೆರವಿನಿಂದ ಸುಮಾರು 3000 ಜಾತಿಗಳನ್ನು ಪಟ್ಟಿಮಾಡಿ, ಪ್ರತಿ ಸ್ತರಸಮೂಹದಲ್ಲಿ ಇಂದಿಗೂ ಬದುಕಿರುವ ಜಾತಿಗಳ ಪ್ರಮಾಣವನ್ನು ಎಣಿಸಲಾಯಿತು. ಶೇಕಡಾ 3.5ರಷ್ಟಿದ್ದರೆ ಇಯೊಸೀನ್, ಸುಮಾರು 17ರಷ್ಟಿದ್ದರೆ ಮಯೊಸೀನ್, 35ರಿಂದ 50ರವರೆಗೆ ಇದ್ದರೆ ಹಳೆಯ ಪ್ಲಿಯೊಸೀನ್, 90ಕ್ಕೆ ಮೇಲ್ಪಟ್ಟರೆ ಹೊಸ ಪ್ಲಿಯೊಸೀನ್ ಎಂದು 1833ರ ಮೂರನೆಯ ಸಂಪುಟದಲ್ಲಿ ವಿಭಾಗಿಸಲಾಯಿತು. ಹೆಸರುಗಳನ್ನು ರೂಪಿಸುವಲ್ಲಿ ವಿಲಿಯಂ ಹ್ಯೂವೆಲ್ ಸಹಕರಿಸಿದನು. ಇಂದಿಗೂ ಬಳಕೆಯಲ್ಲಿರುವ ಈ ಹೆಸರುಗಳ ಮೂಲ, ಪಯಣದ ದಾರಿಯಲ್ಲಿ ದಾಖಲಾದ ಚಿಪ್ಪುಗಳ ಪಟ್ಟಿಗಳಲ್ಲಿದೆ ಎಂಬುದು ಗಮನಾರ್ಹ.

ನೇಪಲ್ಸ್ ಸಮೀಪದ ಪೊಟ್ಸುವೊಲಿಯಲ್ಲಿ ‘ಸೆರಾಪಿಸ್ ದೇವಾಲಯ’ವೆಂದು ಆಗ ಕರೆಯಲಾಗುತ್ತಿದ್ದ ಕಟ್ಟಡದ ಮೂರು ಕಂಬಗಳನ್ನೂ ಅವನು ಪರಿಶೀಲಿಸಿದನು. ಬುಡದಿಂದ ಸುಮಾರು 12 ಅಡಿಯವರೆಗೆ ಕಂಬಗಳು ನುಣುಪಾಗಿದ್ದವು. ಅದರ ಮೇಲಿನ ಸುಮಾರು 9 ಅಡಿಯಷ್ಟು ಭಾಗವನ್ನು ಕಲ್ಲುಕೊರೆಯುವ ಸಮುದ್ರದ ಚಿಪ್ಪುಜೀವಿಗಳು ತೂತುಮಾಡಿದ್ದವು. ಕಟ್ಟಡ ನಿಂತ ನೆಲ ಕುಸಿದು, ಸಮುದ್ರದಲ್ಲಿ ಮುಳುಗಿ, ಮತ್ತೆ ಮೇಲೆದ್ದಿದ್ದರೂ ಕಂಬಗಳು ಉರುಳಿರಲಿಲ್ಲ. ರೋಮನ್ ಕಾಲದಿಂದೀಚೆಗೆ ನಡೆದ ಈ ಏರಿಳಿತದ ಚಿತ್ರವನ್ನೇ ಲಯಲ್ ತನ್ನ ಗ್ರಂಥದ ಮುಖಚಿತ್ರವಾಗಿ ಆರಿಸಿಕೊಂಡನು.

3. ಜೀವಜಾತಿಗಳ ಪ್ರಶ್ನೆ: ಅಚ್ಚಿಗೂ ಹಸ್ತಪ್ರತಿಗೂ ನಡುವಣ ಅಂತರ

ಟಿಪ್ಪಣಿ ಪುಸ್ತಕಗಳ ನಿಜವಾದ ಬೆಲೆ ತಿಳಿಯುವುದು ಜೀವವಿಕಾಸದ ವಿಷಯದಲ್ಲಿ. 1832ರ ಎರಡನೆಯ ಸಂಪುಟದಲ್ಲಿ ಲಯಲ್ ಲಾಮಾರ್ಕನ ಜಾತಿಪರಿವರ್ತನ ಸಿದ್ಧಾಂತವನ್ನು ವಿವರವಾಗಿ ಖಂಡಿಸಿದ್ದನು. ಮುಂದಿನ ಎರಡು ದಶಕಗಳ ಆವೃತ್ತಿಗಳನ್ನಷ್ಟೇ ಓದಿದವರಿಗೆ ಅವನ ನಿಲುವು ಅಚಲವೆಂದೇ ತೋರುತ್ತದೆ. ಹಸ್ತಪ್ರತಿಗಳು ಬೇರೆ ಚಿತ್ರವನ್ನು ಕೊಡುತ್ತವೆ.

1853–54ರ ಚಳಿಗಾಲದಲ್ಲಿ ಮದೀರಾ ಮತ್ತು ಕ್ಯಾನರಿ ದ್ವೀಪಗಳಿಗೆ ಹೋಗಿದ್ದ ಲಯಲ್‌ನಿಗೆ ಅಲ್ಲಿನ ನೆಲದ ಬಸವನಹುಳುಗಳ ಹಂಚಿಕೆ ಒಗಟಾಗಿ ಕಂಡಿತ್ತು. ನೆರೆಯ ದ್ವೀಪಗಳಲ್ಲಿಯೇ ಜಾತಿಗಳು ಭಿನ್ನವಾಗಿದ್ದವು. 1855ರ ಸೆಪ್ಟೆಂಬರಿನಲ್ಲಿ ಆಲ್‌ಫ್ರೆಡ್ ರಸೆಲ್ ವಾಲೇಸ್ ಸರಾವಾಕ್‌ನಿಂದ ಬರೆದ ಪ್ರಬಂಧ ಪ್ರಕಟವಾಯಿತು. ಪ್ರತಿಯೊಂದು ಹೊಸ ಜಾತಿಯೂ ತನಗೆ ಹತ್ತಿರದ ಪೂರ್ವಜಾತಿಯೊಂದು ಇದ್ದ ಸ್ಥಳ-ಕಾಲಗಳಲ್ಲಿಯೇ ಉದಿಸುತ್ತದೆ ಎಂಬುದು ಅದರ ಸಾರಾಂಶ. ಇದನ್ನು ಓದಿದ ಲಯಲ್ ಅದೇ ವರ್ಷದ ನವೆಂಬರಿನಲ್ಲಿ ಜಾತಿಗಳ ಪ್ರಶ್ನೆಗೆಂದೇ ಪ್ರತ್ಯೇಕ ಪುಸ್ತಕವೊಂದನ್ನು ಆರಂಭಿಸಿದನು. 1856ರ ಏಪ್ರಿಲ್‌ನಲ್ಲಿ ಡಾರ್ವಿನ್‌ನ ಡೌನ್ ಮನೆಯಲ್ಲಿ ತಂಗಿದ್ದಾಗ ನೈಸರ್ಗಿಕ ಆಯ್ಕೆಯ ವಿಚಾರವನ್ನು ಅವನ ಬಾಯಿಂದಲೇ ಕೇಳಿ, ಅದನ್ನು ಟಿಪ್ಪಣಿಯಲ್ಲಿ ದಾಖಲಿಸಿದನು. ತಾನು ಒಪ್ಪದಿದ್ದರೂ, ಪ್ರಕಟಿಸಲು ತಡಮಾಡಬಾರದೆಂದು ಡಾರ್ವಿನ್‌ನನ್ನು ಒತ್ತಾಯಿಸಿದವನು ಲಯಲ್‌ನೇ. 1858ರ ಜುಲೈ 1ರಂದು ಡಾರ್ವಿನ್ ಮತ್ತು ವಾಲೇಸರ ಪ್ರಬಂಧಗಳನ್ನು ಲಿನಿಯನ್ ಸೊಸೈಟಿಗೆ ಒಪ್ಪಿಸಿದವರು ಅವನೂ ಜೋಸೆಫ್ ಹುಕರನೂ.

1855ರಿಂದ 1861ರವರೆಗಿನ ಇಂತಹ ಏಳು ಪುಸ್ತಕಗಳನ್ನು ಲೆನರ್ಡ್ ವಿಲ್ಸನ್ ಸಂಪಾದಿಸಿ 1970ರಲ್ಲಿ ಪ್ರಕಟಿಸಿದನು. ಇವುಗಳಲ್ಲಿ ಲಯಲ್ ತನ್ನೊಡನೆಯೇ ವಾದ ಹೂಡಿದ್ದಾನೆ. ಸಾಕ್ಷ್ಯವು ಒಂದು ದಿಕ್ಕಿಗೆ ಎಳೆಯುತ್ತದೆ; ಮನುಷ್ಯನೂ ಪ್ರಾಣಿಪರಂಪರೆಯಿಂದಲೇ ಬಂದವನಾದರೆ ಅವನ ನೈತಿಕ ಹಿರಿಮೆಗೆ ಏನು ಗತಿ ಎಂಬ ಕಳವಳ ಇನ್ನೊಂದು ದಿಕ್ಕಿಗೆ ಎಳೆಯುತ್ತದೆ. 1863ರಲ್ಲಿ ಮಾನವನ ಪ್ರಾಚೀನತೆಯನ್ನು ಕುರಿತ ಅವನ ಗ್ರಂಥ ಹೊರಬಂದಾಗ ಅದರಲ್ಲಿ ಸ್ಪಷ್ಟ ಸಮ್ಮತಿಯಿರಲಿಲ್ಲ. ಡಾರ್ವಿನ್ ಬಹಳ ನಿರಾಶನಾದನು. 1867–68ರ ಹತ್ತನೆಯ ಆವೃತ್ತಿಯಲ್ಲಿ ಲಯಲ್ ತನ್ನ ಹಳೆಯ ವಾದವನ್ನು ಬಿಟ್ಟುಕೊಟ್ಟು ಜೀವವಿಕಾಸವನ್ನು ಒಪ್ಪಿಕೊಂಡನು. ಅಚ್ಚಾದ ಗ್ರಂಥಗಳನ್ನು ಮಾತ್ರ ಆಧರಿಸಿದರೆ ಈ ಬದಲಾವಣೆ ಡಾರ್ವಿನ್‌ನ 1859ರ ಗ್ರಂಥದ ಪ್ರಭಾವದಿಂದ ತಡವಾಗಿ ಆದದ್ದೆಂದು ಹೇಳಬೇಕಾಗುತ್ತದೆ. ಆ ಗ್ರಂಥಕ್ಕೆ ನಾಲ್ಕು ವರ್ಷಗಳ ಮೊದಲೇ ಅವನು ಪ್ರಶ್ನೆಯನ್ನು ಮತ್ತೆ ತೆರೆದಿದ್ದನೆಂಬುದನ್ನು ಟಿಪ್ಪಣಿ ಪುಸ್ತಕಗಳು ಖಚಿತಪಡಿಸುತ್ತವೆ. ಬಹಿರಂಗದ ಮೌನವನ್ನು ಅಂತರಂಗದ ಸಮ್ಮತಿ ಅಥವಾ ನಿರಾಕರಣೆ ಎಂದು ಓದುವುದು ಎಷ್ಟು ಅಪಾಯಕರವೆಂಬುದಕ್ಕೆ ಇದೊಂದು ನಿದರ್ಶನ.

4. ಪುಟಗಳಲ್ಲಿರುವ ಇತರರು

ಲಯಲ್‌ನ ಕೀರ್ತಿ ಒಬ್ಬನ ಕೀರ್ತಿಯಾಗಿ ಬೆಳೆಯಿತು, ದುಡಿಮೆ ಒಬ್ಬನದಾಗಿರಲಿಲ್ಲ. 1832ರಲ್ಲಿ ಅವನು ವಿವಾಹವಾದ ಮೇರಿ ಹಾರ್ನರ್, ಭೂವಿಜ್ಞಾನಿ ಲೆನರ್ಡ್ ಹಾರ್ನರನ ಮಗಳು. ಯುರೋಪಿನ ಹಲವು ಭಾಷೆಗಳನ್ನು ಬಲ್ಲ ಆಕೆ ಚಿಪ್ಪುಗಳ ಅಧ್ಯಯನದಲ್ಲಿ ಪರಿಣತಿ ಪಡೆದಿದ್ದಳು. ಬಹುತೇಕ ಎಲ್ಲ ಪ್ರವಾಸಗಳಲ್ಲಿ ಜೊತೆಗಿದ್ದು, ದೃಷ್ಟಿದೋಷವಿದ್ದ ಪತಿಗೆ ಓದಿ ಹೇಳುವ, ಬರೆದುಕೊಡುವ ಕೆಲಸವನ್ನೂ ನಿರ್ವಹಿಸಿದಳು. 1864ರಿಂದ ಅರಬೆಲಾ ಬಕ್ಲಿ ಅವನ ಕಾರ್ಯದರ್ಶಿಯಾಗಿದ್ದಳು. ನೋವಾ ಸ್ಕೋಷಿಯಾದ ಜಾಗಿನ್ಸ್ ಕಡಲಬಂಡೆಗಳಲ್ಲಿ 1852ರಲ್ಲಿ ಜೆ.ಡಬ್ಲ್ಯು. ಡಾಸನ್‌ನೊಡನೆ ಪಳೆಯುಳಿಕೆಯಾದ ಮರದ ಬೊಡ್ಡೆಯೊಳಗೆ ಪ್ರಾಣಿಯ ಮೂಳೆಗಳನ್ನು ಕಂಡದ್ದು ಸ್ಥಳೀಯ ವಿದ್ವಾಂಸನ ನೆರವಿನಿಂದಲೇ.

1841ರಿಂದ 1853ರ ನಡುವೆ ಲಯಲ್ ನಾಲ್ಕು ಬಾರಿ ಉತ್ತರ ಅಮೆರಿಕಕ್ಕೆ ಹೋದನು. ದಕ್ಷಿಣದ ರಾಜ್ಯಗಳಲ್ಲಿ ಅವನ ಆತಿಥೇಯರಲ್ಲಿ ಗುಲಾಮರ ಒಡೆಯರಾದ ತೋಟದ ಮಾಲೀಕರೂ ಇದ್ದರು. 1845ರಲ್ಲಿ ಪ್ರಕಟವಾದ ಅವನ ಪ್ರವಾಸಗ್ರಂಥದಲ್ಲಿ ಗುಲಾಮಗಿರಿಯ ಬಗೆಗೆ ತೋರಿದ ಮೃದು ಧೋರಣೆಯಿಂದ ನೊಂದ ಡಾರ್ವಿನ್ ಅವನಿಗೆ ಪತ್ರ ಬರೆದು ಆಕ್ಷೇಪಿಸಿದನು. ಅದೇ ವರ್ಷದ ತನ್ನ ಪ್ರವಾಸಕಥನದ ಎರಡನೆಯ ಆವೃತ್ತಿಯಲ್ಲಿ ಗುಲಾಮಗಿರಿಯನ್ನು ಕಟುವಾಗಿ ಖಂಡಿಸಿದನು. ಭೂಮಿಯ ಬದಲಾವಣೆಯು ನಿಧಾನವಾದುದೆಂದು ಬಲವಾಗಿ ನಂಬಿದ ಲಯಲ್, ಸಮಾಜದ ಅನ್ಯಾಯವೂ ನಿಧಾನವಾಗಿಯೇ ಸರಿಹೋಗಲಿ ಎಂಬ ನಿಲುವಿಗೆ ಒಲಿದಿದ್ದನು. ಇಂತಹ ಪ್ರಶ್ನೆಗಳನ್ನು ಕೇಳುವ ಇಂದಿನ ಸಂಶೋಧಕನಿಗೆ ಅಮೆರಿಕದ ಟಿಪ್ಪಣಿಗಳು ಶಿಲೆಗಳ ದಾಖಲೆಯಷ್ಟೇ ಅಲ್ಲ, ಸಾಮಾಜಿಕ ಚರಿತ್ರೆಯ ಆಕರವೂ ಹೌದು.

5. ಭಾರತದೊಡನೆ ಸಂಬಂಧ

1819ರ ಜೂನ್ 16ರಂದು ಕಚ್ಛ್ ಪ್ರದೇಶದಲ್ಲಿ ಭೂಕಂಪವಾಗಿ, ಸಿಂದ್ರಿಯ ಕೋಟೆಯ ಸುತ್ತಲಿನ ನೆಲ ಮುಳುಗಿ, ಅದರ ಉತ್ತರಕ್ಕೆ ‘ಅಲ್ಲಾ ಬಂದ್’ ಎಂಬ ದಿಬ್ಬ ಮೇಲೆದ್ದಿತ್ತು. ಅಲೆಕ್ಸಾಂಡರ್ ಬರ್ನ್ಸ್ ಒದಗಿಸಿದ ವಿವರಗಳ ನೆರವಿನಿಂದ ಲಯಲ್ ಈ ಘಟನೆಯನ್ನು ತನ್ನ ಗ್ರಂಥದಲ್ಲಿ ಪ್ರಮುಖ ಉದಾಹರಣೆಯಾಗಿ ಬಳಸಿಕೊಂಡನು. ತಾನು ಎಂದೂ ಕಾಲಿಡದ ನೆಲದ ಬಗೆಗೂ ಪತ್ರವ್ಯವಹಾರದಿಂದ ಸಾಕ್ಷ್ಯ ಸಂಗ್ರಹಿಸುವುದು ಅವನ ಕಾರ್ಯಕ್ರಮದ ಅಂಗವಾಗಿತ್ತು.

ಮಾನವನ ಪ್ರಾಚೀನತೆಯ ಚರ್ಚೆಯಲ್ಲಿ ಕರ್ನಾಟಕಕ್ಕೆ ಹತ್ತಿರದ ಕೊಂಡಿಯೊಂದಿದೆ. ಲಯಲ್‌ನ ಗ್ರಂಥ ಪ್ರಕಟವಾದ 1863ರಲ್ಲಿಯೇ, ಮೇ 30ರಂದು, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್ (1834–1912) ಮದರಾಸಿನ ಬಳಿಯ ಪಲ್ಲಾವರದಲ್ಲಿ ಹಳೆಯ ಶಿಲಾಯುಗದ ಆಯುಧವನ್ನು ಗುರುತಿಸಿದನು. ಮುಂದೆ ದಕ್ಷಿಣ ಮರಾಠಾ ಪ್ರದೇಶದ ಭೂರಚನೆಯನ್ನು ಕುರಿತ ಅವನ ವರದಿ 1876ರಲ್ಲಿ ಹೊರಬಂದಿತು. ‘ಧಾರವಾಡ’ ಶಿಲಾಸಮೂಹಕ್ಕೆ ಆ ಹೆಸರು ಕೊಟ್ಟವನೂ ಅವನೇ. ಬಳ್ಳಾರಿ, ರಾಯಚೂರು ಭಾಗಗಳ ಪ್ರಾಗಿತಿಹಾಸದ ಅಧ್ಯಯನಕ್ಕೆ ಫೂಟ್‌ನ ಕೊಡುಗೆ ಮಹತ್ವದ್ದು. ಅವನ ಸಂಗ್ರಹ ಮದರಾಸಿನ ವಸ್ತುಸಂಗ್ರಹಾಲಯಕ್ಕೆ ಸೇರಿ, ಅದರ ವಿವರಣಾತ್ಮಕ ಸೂಚಿಗಳು ಅವನ ಮರಣಾನಂತರ 1914 ಮತ್ತು 1916ರಲ್ಲಿ ಪ್ರಕಟವಾದವು. ಎಲ್ಲಿ, ಯಾವ ಸ್ತರದಲ್ಲಿ ದೊರೆತದ್ದೆಂಬ ದಾಖಲೆಯಿಲ್ಲದ ಕಲ್ಲಿನ ಆಯುಧವು ಕೇವಲ ಕಲ್ಲು ಎಂಬ ಅರಿವು ಲಯಲ್‌ನ ತಲೆಮಾರು ಮತ್ತು ಫೂಟ್‌ನ ತಲೆಮಾರುಗಳಿಗೆ ಸಮಾನವಾದುದು.

6. ಸಂರಕ್ಷಣೆಯ ಕಥೆ

ಲಯಲ್‌ನ ನಿಧನಾನಂತರ ಅವನ ಸಹೋದರನ ಪತ್ನಿ, ಮೇರಿಯ ತಂಗಿಯೂ ಆದ ಕ್ಯಾಥರೀನ್ ಲಯಲ್, 1881ರಲ್ಲಿ ಎರಡು ಸಂಪುಟಗಳ ಜೀವನಚರಿತ್ರೆ-ಪತ್ರಸಂಗ್ರಹವನ್ನು ಹೊರತಂದಳು. ದೀರ್ಘಕಾಲ ವಿದ್ವಾಂಸರು ಅವಲಂಬಿಸಿದ್ದು ಅದನ್ನೇ. ಕುಟುಂಬದವರು ಆರಿಸಿದ ಭಾಗಗಳನ್ನು ಒಳಗೊಂಡ ಆ ಗ್ರಂಥವು ಮೂಲ ಪುಸ್ತಕಗಳಿಗೆ ಪರ್ಯಾಯವಾಗಲಾರದು. ಟಿಪ್ಪಣಿ ಪುಸ್ತಕಗಳು ಮಾರಾಟಕ್ಕೆ ಬಂದು ವಿದೇಶಕ್ಕೆ ಹೋಗುವ ಸಂಭವ ಉಂಟಾದಾಗ ಬ್ರಿಟಿಷ್ ಸರ್ಕಾರವು ರಫ್ತಿಗೆ ತಾತ್ಕಾಲಿಕ ತಡೆ ವಿಧಿಸಿತು. ಸಾವಿರಕ್ಕೂ ಹೆಚ್ಚು ದಾನಿಗಳ ಹಾಗೂ ಹಲವು ನಿಧಿಗಳ ನೆರವಿನಿಂದ 9,66,000 ಪೌಂಡುಗಳನ್ನು ಕೂಡಿಸಿ 2019ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾನಿಲಯವು ಅವುಗಳನ್ನು ಕೊಂಡುಕೊಂಡಿತು. ಆ ಬಳಿಕ ಅವುಗಳ ಸಂರಕ್ಷಣೆ, ಸೂಚೀಕರಣ ಮತ್ತು ಡಿಜಿಟಲೀಕರಣದ ಕೆಲಸಗಳನ್ನು ಕೈಗೊಳ್ಳಲಾಯಿತು.

ಈ 294 ಪುಸ್ತಕಗಳು ಬಿಡಿಬಿಡಿಯಾಗಿ ಸಂಗ್ರಾಹಕರ ಕೈಸೇರಿದ್ದರೆ, ಒಂದು ಪುಸ್ತಕದ ಸೂಚಿ ಇನ್ನೊಂದರ ಪುಟವನ್ನು ತೋರಿಸುವ ಅವುಗಳ ಆಂತರಿಕ ಸಂಬಂಧವೇ ಕಡಿದುಹೋಗುತ್ತಿತ್ತು. ಒಟ್ಟಾಗಿ ಉಳಿದಿರುವುದರಿಂದ, ಒಂದು ಅವಲೋಕನವು ಊಹೆಯಾಗಿ, ಊಹೆಯು ವಾದವಾಗಿ, ವಾದವು ಕೊನೆಗೆ ತಿದ್ದುಪಡಿಗೆ ಒಳಗಾಗುವವರೆಗಿನ ದಾರಿಯನ್ನು ಗುರುತಿಸಲು ಸಾಧ್ಯವಾಗಿದೆ. ಕರ್ನಾಟಕದ ಶಾಸನ, ಪುರಾತತ್ತ್ವ, ಜಾನಪದ, ಭೂವಿಜ್ಞಾನ ಕ್ಷೇತ್ರಗಳಲ್ಲಿ ದುಡಿದ ವಿದ್ವಾಂಸರ ಕ್ಷೇತ್ರಕಾರ್ಯದ ಪುಸ್ತಕಗಳ ವಿಷಯದಲ್ಲಿಯೂ ಗ್ರಂಥಾಲಯಗಳು ಇದೇ ದೃಷ್ಟಿಯನ್ನು ತಳೆಯುವುದು ಉಚಿತ. ಪ್ರಕಟವಾದ ಸಂಪುಟವು ಕಪಾಟಿನಲ್ಲಿ ಭದ್ರವಾಗಿದ್ದರೆ ಸಾಲದು. ಅದಕ್ಕೆ ಆಧಾರವಾದ ಟಿಪ್ಪಣಿ, ಕರಡು, ಪಟ್ಟಿಗಳು ವಿದ್ವಾಂಸನ ಮನೆಯ ಅಟ್ಟದಿಂದ ರದ್ದಿಗೆ ಹೋಗುವ ಮೊದಲು ಗ್ರಂಥಾಲಯವನ್ನು ಸೇರಬೇಕು. ತಪ್ಪನ್ನು ತಿದ್ದಿಕೊಂಡ ಬಗೆಯನ್ನು ಮುಂದಿನ ತಲೆಮಾರಿಗೆ ತೋರಿಸಬಲ್ಲವು ಅವು ಮಾತ್ರ.