ಕನೆಕ್ಟೆಡ್ ಅನ್ನುತ್ತದೆ, ಸದ್ದಿಲ್ಲ

ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಸಿ, ಪಕ್ಕದಲ್ಲೊಂದು ಬ್ಲೂಟೂತ್ ಸ್ಪೀಕರ್ ಇಟ್ಟುಕೊಂಡು ತಾಳಮದ್ದಳೆ ಕೇಳುವವರು ನಮ್ಮ ಕುಲಶೇಖರದಲ್ಲೂ ಇದ್ದಾರೆ. ಅವರ ದೂರು ಹೆಚ್ಚಾಗಿ ಒಂದೇ: ಪರದೆ ‘ಕನೆಕ್ಟೆಡ್’ ಅನ್ನುತ್ತದೆ, ಸದ್ದು ಮಾತ್ರ ಇಲ್ಲ. ಬೈಸಿಕೊಳ್ಳುವುದು ಸ್ಪೀಕರ್. ಮನೆಯ ಇನ್ಯಾವುದೋ ಫೋನು ಅದನ್ನು ಮೊದಲೇ ಹಿಡಿದಿಟ್ಟಿಲ್ಲ ಎಂದಾದರೆ, ತಪ್ಪನ್ನು ಲಿನಕ್ಸಿನ ಪದರಗಳಲ್ಲಿ ಹುಡುಕಬೇಕು. ಆ ಪದರಗಳು ಒಂದೇ ಸಲ ಕಟ್ಟಿದವಲ್ಲ.

ಫಿನ್‌ಲ್ಯಾಂಡಿನ ಹನ್ನು ಸವೊಲೈನೆನ್ 1990ರ ದಶಕದ ಆರಂಭದಲ್ಲಿ ಸೌಂಡ್ ಬ್ಲಾಸ್ಟರ್ ಕಾರ್ಡಿಗಾಗಿ ಬರೆದ ಡ್ರೈವರಿನಿಂದ ಸದ್ದಿನ ಮೊದಲ ಪದರವಾದ ಓಎಸ್‌ಎಸ್ ಬೆಳೆಯಿತು. 2003ರ ಡಿಸೆಂಬರಿನಲ್ಲಿ ಬಂದ 2.6 ಕರ್ನೆಲ್‌ನಲ್ಲಿ ಯಾರೊಸ್ಲಾವ್ ಕಿಸೆಲಾ ಅವರ ಆಲ್ಸಾ ಅದರ ಜಾಗ ಹಿಡಿಯಿತು. ಎರಡೂ ಪೆಟ್ಟಿಗೆಯೊಳಗೆ ಕೂತ ಕಾರ್ಡನ್ನು ನಂಬಿ ಕಟ್ಟಿದವು. ಬ್ಲೂಟೂತ್ ಸ್ಪೀಕರಾದರೋ ಬಂದು ಹೋಗುವ ನೆಂಟ. ಬ್ಲೂಟೂತ್ ನೋಡಿಕೊಳ್ಳುವ ಬ್ಲೂಝೀ 2001ರಲ್ಲೇ ಕರ್ನೆಲ್ ಸೇರಿತ್ತು. ಆದರೂ ಹಾಡು ಕೇಳಬೇಕಾದರೆ ಆಲ್ಸಾದ ಫೈಲಿನಲ್ಲಿ ಸ್ಪೀಕರಿನ ಹನ್ನೆರಡು ಅಕ್ಷರ-ಅಂಕಿಗಳ ವಿಳಾಸವನ್ನು ಕೈಯಾರೆ ಬರೆಯಬೇಕಿತ್ತು.

ಲೆನಾರ್ಟ್ ಪಾಟರಿಂಗ್ 2004ರಲ್ಲಿ ಶುರುಮಾಡಿದ, ಆಲ್ಸಾದ ಮೇಲೆ ಕೂರುವ ಪಲ್ಸ್‌ಆಡಿಯೋ 2007ರ ಫೆಡೋರಾ 8ರ ಜೊತೆ ಮನೆಗಳಿಗೆ ಬಂತು. ಹಾಡು ನಡೆಯುತ್ತಿರುವಾಗಲೇ ಸದ್ದನ್ನು ಒಂದು ಸ್ಪೀಕರಿನಿಂದ ಇನ್ನೊಂದಕ್ಕೆ ದಾಟಿಸುವುದು ಇದರಿಂದ ಸಲೀಸಾಯಿತು. ಬೆಂಗಳೂರಿನಲ್ಲಿ ಕೆಲಸ ಮಾಡಿದ ಅರುಣ್ ರಾಘವನ್ ಇದರ ನಿರ್ವಾಹಕರಲ್ಲಿ ಒಬ್ಬರು. ಪಲ್ಸ್‌ಆಡಿಯೋ ತಿಂದ ಬೈಗುಳಕ್ಕೆ ಲೆಕ್ಕವಿಲ್ಲ. ನನ್ನ ಮಟ್ಟಿಗೆ ಅದರಲ್ಲಿ ಅರ್ಧ ಆಲ್ಸಾ ಡ್ರೈವರುಗಳಿಗೆ ಸಲ್ಲಬೇಕಿತ್ತು.

ನಿಜವಾದ ತೊಡಕು 2012ರ ಡಿಸೆಂಬರಿನದು. ಆಗ ಬಂದ ಬ್ಲೂಝೀ 5 ಆಲ್ಸಾಕ್ಕಿದ್ದ ನೇರ ದಾರಿಯನ್ನು ಕೈಬಿಟ್ಟಿತು. ಪಲ್ಸ್‌ಆಡಿಯೋ ಅದಕ್ಕೆ ಹೊಂದಿಕೊಂಡದ್ದು 2014ರ 5.0 ಆವೃತ್ತಿಯಲ್ಲಿ, ಅದೂ ಹಾಡು ಕೇಳುವುದಕ್ಕೆ ಮಾತ್ರ. ‘ಪ್ರೋಟೋಕಾಲ್ ನಾಟ್ ಅವೈಲಬಲ್’ ಎಂಬ ಸಾಲು ಲಾಗ್‌ನಲ್ಲಿ ಕಂಡರೆ ಅರ್ಥ ಇಷ್ಟೇ: ಬ್ಲೂಝೀ ಬಾಗಿಲು ತೆರೆದಿದೆ, ಸದ್ದು ಕೊಡಲು ಆಚೆ ಯಾರೂ ಇಲ್ಲ. ಡೆಬಿಯನ್‌ನಲ್ಲಿ ಸದ್ದಿನ ಬ್ಲೂಟೂತ್ ಭಾಗ ಆಗಲೂ ಬೇರೆ ಪ್ಯಾಕೇಜು, ಈಗಲೂ ಬೇರೆಯೇ. ಅದನ್ನು ಹಾಕಿ ಲಾಗೌಟ್ ಮಾಡಿ ಬಂದರೆ ಬಹಳಷ್ಟು ಸಲ ಸ್ಪೀಕರ್ ಹಾಡುತ್ತದೆ.

ಈಗ ಪಲ್ಸ್‌ಆಡಿಯೋ ಜಾಗದಲ್ಲಿರುವುದು ರೆಡ್ ಹ್ಯಾಟ್‌ನ ವಿಮ್ ಟೈಮನ್ಸ್ ಕಟ್ಟಿದ ಪೈಪ್‌ವೈರ್. 2021ರ ಏಪ್ರಿಲಿನಲ್ಲಿ ಫೆಡೋರಾ 34, ಮರುವರ್ಷ ಉಬುಂಟು 22.10 ಇದಕ್ಕೆ ಹೊರಳಿದವು. ಯಾವ ಸದ್ದು ಎಲ್ಲಿಗೆ ಹೋಗಬೇಕೆಂಬ ತೀರ್ಮಾನ ಅದರ ಜೊತೆಗಾರ ವೈರ್‌ಪ್ಲಂಬರ್‌ನದು. ಸದ್ದಿಲ್ಲ ಎಂಬ ದೂರು ಕಡಿಮೆಯಾಗಿ, ಸದ್ದು ಕೆಟ್ಟಿದೆ ಎಂಬ ದೂರು ಮುಂದೆ ಬಂದಿದೆ.

ಉದಾಹರಣೆಗೆ, ಭಾಗವತರ ಪದ ಕೇಳುತ್ತಿರುವಾಗ ವೀಡಿಯೊ ಕರೆ ಬಂತೆನ್ನಿ. ಸ್ಪೀಕರಿನಲ್ಲಿ ಮೈಕ್ ಇದ್ದರೆ ವೈರ್‌ಪ್ಲಂಬರ್ ಅದನ್ನು ತಾನಾಗಿ ಮಾತಿಗೆಂದಿರುವ ಹೆಡ್‌ಸೆಟ್ ಪ್ರೊಫೈಲಿಗೆ ಬದಲಿಸುತ್ತದೆ. ಹಳೆಯ ಸ್ಪೀಕರಾದರೆ ಸೆಕೆಂಡಿಗೆ 8,000 ಮಾದರಿ, ಅದೂ ಮೋನೊ. 4,000 ಹರ್ಟ್ಸ್‌ನಿಂದ ಮೇಲಿನದೆಲ್ಲ ಹೋಯಿತು. ಚೆಂಡೆಯ ಪೆಟ್ಟಿನ ಮೊನಚು ಇರುವುದು ಅಲ್ಲೇ. ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಹಾಡಿಗೆಂದಿರುವ ಎ2ಡಿಪಿ ಪ್ರೊಫೈಲ್ ಆರಿಸಿದರೆ ಪೆಟ್ಟು ಮರಳುತ್ತದೆ, ಸ್ಪೀಕರಿನ ಮೈಕ್ ಹೋಗುತ್ತದೆ. ಇದು ಲಿನಕ್ಸಿನ ದೋಷವಲ್ಲ, ಹಳೆಯ ಬ್ಲೂಟೂತಿನ ಕಟ್ಟುಪಾಡು. ಹೊಸ ಬ್ಲೂಟೂತಿನ ಎಲ್‌ಇ ಆಡಿಯೋ ಇದನ್ನು ಸಡಿಲಿಸುತ್ತದೆ, ಆದರೆ ಸ್ಪೀಕರ್, ಲ್ಯಾಪ್‌ಟಾಪ್ ಎರಡಕ್ಕೂ ಅದು ಬರಬೇಕು. ಹಳೆಯ ಲ್ಯಾಪ್‌ಟಾಪಿನವರು ಸದ್ಯಕ್ಕೆ ಮಾತಿಗೆ ಅದರದೇ ಮೈಕನ್ನು ಆರಿಸಿಕೊಂಡು, ಸ್ಪೀಕರನ್ನು ಎ2ಡಿಪಿಯಲ್ಲೇ ಬಿಡುವುದು ಮೇಲು.