ಡಿಜಿಟಲ್ ಛಾಯಾಚಿತ್ರದಲ್ಲಿ ಹವಾಮಾನ ಪರಿಣಾಮಗಳು

ಚಿತ್ರ ತೆಗೆದಾಗ ಇಲ್ಲದಿದ್ದ ಮಳೆ, ಮಂಜು, ಹಿಮ, ಮೋಡ, ಮಿಂಚು ಅಥವಾ ಕಾಮನಬಿಲ್ಲನ್ನು ಸಂಪಾದನೆಯ ಹಂತದಲ್ಲಿ ಸೇರಿಸುವ ವಿಧಾನಗಳನ್ನು ಒಟ್ಟಾಗಿ ಹವಾಮಾನ ಪರಿಣಾಮಗಳು ಎನ್ನುತ್ತಾರೆ. ಫೋಟೊಶಾಪ್, ಗಿಂಪ್ ಮೊದಲಾದ ತಂತ್ರಾಂಶಗಳಲ್ಲಿ ಫಿಲ್ಟರ್ ಮತ್ತು ಲೇಯರ್‌ಗಳನ್ನು ಜೋಡಿಸಿ ಇವನ್ನು ಸಾಧಿಸುತ್ತಾರೆ. ಮೊಬೈಲ್ ಆ್ಯಪ್‌ಗಳು ಹೆಚ್ಚಾಗಿ ಸಿದ್ಧ ಮಳೆಯ ಚಿತ್ರವೊಂದನ್ನು ಮೇಲೆ ಹೊದಿಸಿ ಕೈತೊಳೆದುಕೊಳ್ಳುತ್ತವೆ. ಜಾಹೀರಾತು, ಸಿನಿಮಾ ಪೋಸ್ಟರ್, ಪುಸ್ತಕದ ಮುಖಪುಟ, ಮದುವೆ ಆಲ್ಬಂಗಳಲ್ಲಿ ಇದರ ಬಳಕೆ ವ್ಯಾಪಕ.

ಈ ಚಟ ಕಂಪ್ಯೂಟರಿಗಿಂತ ಹಳೆಯದು. 1850ರ ದಶಕದ ನೆಗೆಟಿವ್‌ಗಳು ನೀಲಿ ಬೆಳಕಿಗೆ ವಿಪರೀತ ಸ್ಪಂದಿಸುತ್ತಿದ್ದುದರಿಂದ, ಕಡಲು ಸರಿಯಾಗಿ ಮೂಡುವ ಹೊತ್ತಿಗೆ ಆಕಾಶ ಬರೀ ಬಿಳಿಯಾಗಿರುತ್ತಿತ್ತು. ಫ್ರಾನ್ಸಿನ ಗುಸ್ತಾವ್ ಲ ಗ್ರೇ ಮೋಡಗಳನ್ನು ಬೇರೆ ನೆಗೆಟಿವ್‌ನಲ್ಲಿ ಹಿಡಿದು, ಮುದ್ರಿಸುವಾಗ ಎರಡನ್ನೂ ದಿಗಂತದ ಗೆರೆಯಲ್ಲಿ ಕೂಡಿಸಿದ. ಅವನ ಬೇರೆ ಬೇರೆ ಕಡಲ ಚಿತ್ರಗಳ ಮೇಲೆ ಒಂದೇ ಆಕಾಶ ಕಾಣಿಸಿಕೊಂಡದ್ದೂ ಉಂಟು. ಥಾಮಸ್ ಮತ್ತು ಜಾನ್ ನೋಲ್ ಸಹೋದರರು ರೂಪಿಸಿದ ಫೋಟೊಶಾಪ್ 1990ರಲ್ಲಿ ಮಾರುಕಟ್ಟೆಗೆ ಬಂತು. 1994ರ ಆವೃತ್ತಿಯಲ್ಲಿ ಲೇಯರ್ ಸೌಲಭ್ಯ ಸೇರಿದ ಮೇಲೆ, ಮೂಲ ಚಿತ್ರವನ್ನು ಮುಟ್ಟದೆ ಅದರ ಮೇಲೆ ಮಳೆ ಸುರಿಸುವುದು ಸುಲಭವಾಯಿತು. 2020ರಲ್ಲಿ ಬಂದ ಆಕಾಶ ಬದಲಾಯಿಸುವ ಸೌಲಭ್ಯ ಲ ಗ್ರೇಯ ಕೆಲಸವನ್ನು ಒಂದು ಕ್ಲಿಕ್ಕಿಗೆ ಇಳಿಸಿತು.

ಮಳೆ ಬರಿಸುವ ಪ್ರಚಲಿತ ಕ್ರಮ ಹೀಗಿದೆ. ಚಿತ್ರದ ಮೇಲೆ ಪೂರ್ತಿ ಕಪ್ಪು ಬಣ್ಣದ ಲೇಯರ್ ಹಾಕಿ, ನಾಯ್ಸ್ ಫಿಲ್ಟರ್‌ನಿಂದ ಬಿಳಿ ಚುಕ್ಕಿಗಳನ್ನು ಎರಚಬೇಕು. ಮೋಷನ್ ಬ್ಲರ್ ಆ ಚುಕ್ಕಿಗಳನ್ನು ಒಂದು ಕೋನದಲ್ಲಿ ಎಳೆದು ಗೆರೆಗಳಾಗಿಸುತ್ತದೆ. ಬಳಿಕ ಲೇಯರಿನ ಬ್ಲೆಂಡ್ ಮೋಡನ್ನು ಸ್ಕ್ರೀನ್‌ಗೆ ಬದಲಾಯಿಸಿದರೆ ಕಪ್ಪು ಮಾಯವಾಗಿ ಬೆಳಕಿನ ಗೆರೆಗಳಷ್ಟೇ ಉಳಿಯುತ್ತವೆ. ಸ್ಕ್ರೀನ್ ವಿಧಾನದ ಲೆಕ್ಕದಲ್ಲಿ ಕಪ್ಪು ಕೆಳಗಿನ ಬಣ್ಣವನ್ನು ಬದಲಿಸುವುದಿಲ್ಲ, ಬಿಳಿ ಅದನ್ನು ಬಿಳಿಯಾಗಿಸುತ್ತದೆ.

ಗೆರೆ ಎಷ್ಟು ಉದ್ದವಿರಬೇಕು ಎಂಬುದನ್ನು ಬಹುತೇಕರು ಕಣ್ಣಂದಾಜಿಗೆ ಬಿಡುತ್ತಾರೆ, ಆದರೆ ಅದಕ್ಕೆ ಲೆಕ್ಕವಿದೆ. 2 ಮಿಲಿಮೀಟರ್ ವ್ಯಾಸದ ಹನಿ ಸೆಕೆಂಡಿಗೆ ಸುಮಾರು 6.5 ಮೀಟರ್ ವೇಗದಲ್ಲಿ ಬೀಳುತ್ತದೆ. ಕ್ಯಾಮೆರಾದ ಶಟರ್ ಸೆಕೆಂಡಿನ 60ರಲ್ಲೊಂದು ಪಾಲು ತೆರೆದಿದ್ದರೆ ಅಷ್ಟರಲ್ಲಿ ಹನಿ 11 ಸೆಂಟಿಮೀಟರ್ ಇಳಿದಿರುತ್ತದೆ. 1000ದಲ್ಲೊಂದು ಪಾಲಾದರೆ ಬರೀ 6.5 ಮಿಲಿಮೀಟರ್. ಓಡುವ ಹುಡುಗನ ಅಂಗಾಲಿನಿಂದ ಚಿಮ್ಮಿದ ಕೆಸರು ಗಾಳಿಯಲ್ಲಿ ಸ್ಫುಟವಾಗಿ ನಿಂತಿರುವ ಚಿತ್ರಕ್ಕೆ ಮಾರುದ್ದದ ಮಳೆಗೆರೆ ಎಳೆದರೆ ಒಂದೇ ಚಿತ್ರದಲ್ಲಿ ಎರಡು ಶಟರ್ ವೇಗ ಇದ್ದಂತಾಗುತ್ತದೆ. ನೋಡುವವರು ಕಾರಣ ಹೇಳಲಾರರು, ಆದರೆ ನಂಬುವುದಿಲ್ಲ. ಹಿಮದ ಹಳಕುಗಳು ಸೆಕೆಂಡಿಗೆ ಸುಮಾರು ಒಂದು ಮೀಟರ್ ವೇಗದಲ್ಲಿ ತೇಲಿ ಇಳಿಯುತ್ತವೆ. ಹಾಗಾಗಿ ಅವಕ್ಕೆ ದೊಡ್ಡ ಚುಕ್ಕಿ, ಅತ್ಯಲ್ಪ ಬ್ಲರ್ ಸಾಕು. ಮಳೆಯಾಗಲಿ ಹಿಮವಾಗಲಿ ಒಂದೇ ಲೇಯರಿನಲ್ಲಿ ಮುಗಿಸಬಾರದು. ಹತ್ತಿರದ್ದು ದೊಡ್ಡದಾಗಿ ಮಸುಕಾಗಿ, ದೂರದ್ದು ಸಣ್ಣದಾಗಿ ದಟ್ಟವಾಗಿ ಕಾಣುವಂತೆ ಕನಿಷ್ಠ ಎರಡು ಮೂರು ಲೇಯರ್ ಬೇಕು.

ಮಂಜಿನಲ್ಲಿ ಈ ದೂರದ ಪ್ರಶ್ನೆಯೇ ಸರ್ವಸ್ವ. ಇಡೀ ಚಿತ್ರಕ್ಕೆ ತೆಳು ಬಿಳಿ ಬಳಿದರೆ ಮಂಜು ಬರುವುದಿಲ್ಲ, ಚಿತ್ರ ಬಿಳಿಚಿಕೊಳ್ಳುತ್ತದೆ ಅಷ್ಟೆ. ಜರ್ಮನಿಯ ಹರಾಲ್ಡ್ ಕೋಶ್ಮೀಡರ್ 1924ರಲ್ಲಿ ನಿರೂಪಿಸಿದ ನಿಯಮದ ಪ್ರಕಾರ, ವಸ್ತುವಿನಿಂದ ಹೊರಟ ಬೆಳಕು ದೂರ ಹೆಚ್ಚಿದಂತೆ ಘಾತೀಯವಾಗಿ ಕುಗ್ಗುತ್ತದೆ. ಆ ಜಾಗವನ್ನು ಮಂಜಿನಲ್ಲಿ ಚದುರಿದ ಬೆಳಕು ತುಂಬುತ್ತದೆ. ಗೋಚರತೆ 200 ಮೀಟರ್ ಇರುವ ಮಂಜಿನಲ್ಲಿ 20 ಮೀಟರ್ ಆಚೆಯ ಮರದ ಬೆಳಕು ಸುಮಾರು ಶೇ 68ರಷ್ಟು ಕಣ್ಣಿಗೆ ತಲುಪುತ್ತದೆ, 50 ಮೀಟರ್ ಆಚೆಯದು ಶೇ 38, 100 ಮೀಟರ್ ಆಚೆಯದು ಶೇ 14. ಆದ್ದರಿಂದ ನುರಿತವರು ದೂರಕ್ಕೆ ತಕ್ಕಂತೆ ಮಾಸ್ಕ್ ಮಾಡಿ ಹಿಂದಿನ ಬೆಟ್ಟಕ್ಕೆ ದಟ್ಟ ಬಿಳಿ, ಮುಂದಿನ ಬೇಲಿಗೆ ಬಹುತೇಕ ಏನೂ ಇಲ್ಲದಂತೆ ಹಂಚುತ್ತಾರೆ. ಮಂಜಿನ ಏರುಪೇರಿಗೆ ಕ್ಲೌಡ್ಸ್ ಮಾದರಿಯ ಫಿಲ್ಟರ್ ನೆರವಾಗುತ್ತದೆ. ಯಾದೃಚ್ಛಿಕವಾಗಿದ್ದರೂ ನಯವಾಗಿ ಹರಡುವ ಇಂಥ ವಿನ್ಯಾಸಗಳ ದಾರಿ ತೋರಿಸಿದವರಲ್ಲಿ ಅಮೆರಿಕದ ಕೆನ್ ಪರ್ಲಿನ್ ಪ್ರಮುಖ. 1985ರಲ್ಲಿ ಪ್ರಕಟವಾದ ಅವರ ವಿಧಾನಕ್ಕೆ 1997ರಲ್ಲಿ ಆಸ್ಕರ್ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿ ಬಂತು.

ಇದಕ್ಕೆ ಉಲ್ಟಾ ಕೆಲಸವೂ ಇದೆ. 2009ರಲ್ಲಿ ಕೈಮಿಂಗ್ ಹ ಮತ್ತು ಸಂಗಡಿಗರು ಒಂದೇ ಚಿತ್ರದಿಂದ ಮಸುಕು ತೆಗೆಯುವ ಹೆಸರಾಂತ ವಿಧಾನ ಕೊಟ್ಟರು. ಲೈಟ್‌ರೂಮ್ ತಂತ್ರಾಂಶ 2015ರಲ್ಲಿ ಅಳವಡಿಸಿಕೊಂಡ ಡಿಹೇಜ್ ಸ್ಲೈಡರನ್ನು ಬಲಕ್ಕೆ ಸರಿಸಿದರೆ ಮಸುಕು ಕರಗುತ್ತದೆ, ಎಡಕ್ಕೆ ಸರಿಸಿದರೆ ಮಂಜು ಕವಿಯುತ್ತದೆ.

ಹವಾಮಾನ ಬದಲಾದರೆ ಬೆಳಕೂ ಬದಲಾಗಬೇಕು. ಹೊಸಬರು ಎಡವುವುದು ಇಲ್ಲೇ. ಮೋಡ ಕವಿದಾಗ ನೆರಳಿನ ಅಂಚು ಕರಗುತ್ತದೆ, ಬಣ್ಣ ತಣ್ಣಗಾಗುತ್ತದೆ. ನೆನೆದ ಡಾಂಬರು ಒಣ ಡಾಂಬರಿಗಿಂತ ಕಪ್ಪಗೆ ಕಾಣುತ್ತದೆ, ಮೇಲಿನ ನೀರಿನ ಪೊರೆಯಲ್ಲಿ ದೀಪಗಳು ಉದ್ದಕ್ಕೆ ಪ್ರತಿಫಲಿಸುತ್ತವೆ. ನೆತ್ತಿಯ ಬಿಸಿಲಿನಲ್ಲಿ ತೆಗೆದ, ಮೂಗಿನ ಕೆಳಗೆ ಕತ್ತರಿಸಿದಂತೆ ನೆರಳು ಬಿದ್ದ ಮುಖದ ಮೇಲೆ ಎಷ್ಟು ಮಳೆ ಸುರಿಸಿದರೂ ಅದು ಸಿನಿಮಾ ಸೆಟ್ಟಿನ ಪೈಪಿನ ಮಳೆಯೇ. ಕಾಮನಬಿಲ್ಲಿನ ವಿಷಯದಲ್ಲಿ ತಪ್ಪು ಇನ್ನೂ ಎದ್ದು ಕಾಣುತ್ತದೆ. ಅದು ಸೂರ್ಯನಿಗೆ ನೇರ ಎದುರಿನ ಬಿಂದುವಿನ ಸುತ್ತ ಸುಮಾರು 42 ಡಿಗ್ರಿ ಅಂತರದಲ್ಲಿ, ಕೆಂಪು ಹೊರಗಿರುವಂತೆ ಮೂಡುತ್ತದೆ. ಮುಳುಗುವ ಸೂರ್ಯ ಮತ್ತು ಕಾಮನಬಿಲ್ಲು ಅಕ್ಕಪಕ್ಕದಲ್ಲಿರುವ ಪೋಸ್ಟರ್ ಎಷ್ಟೇ ಚೆಂದವಿದ್ದರೂ ಅಂಥ ಸಂಜೆ ಭೂಮಿಯ ಮೇಲೆ ಇಲ್ಲ.

ಕೃತಕ ಹವಾಮಾನಕ್ಕೆ ಅಲಂಕಾರದಾಚೆಗೂ ಬೆಲೆಯಿದೆ. ಚಾಲಕರಹಿತ ವಾಹನಗಳ ಸಂಶೋಧನೆಯಲ್ಲಿ ಬಳಸುವ ಸಿಟಿಸ್ಕೇಪ್ಸ್ ಚಿತ್ರಸಂಗ್ರಹದಲ್ಲಿರುವುದು ಒಳ್ಳೆಯ ಹವೆಯ ಬೀದಿಗಳು. ಮಂಜಿನಲ್ಲೂ ಯಂತ್ರ ದಾರಿ ಗುರುತಿಸಬೇಕಲ್ಲ. ಅದಕ್ಕಾಗಿ ಸ್ವಿಟ್ಜರ್ಲೆಂಡಿನ ಇಟಿಎಚ್ ಜ್ಯೂರಿಕ್‌ನ ಸಂಶೋಧಕರು ಆ ಚಿತ್ರಗಳಿಗೇ ಪ್ರತಿ ಬಿಂದುವಿನ ದೂರ ಲೆಕ್ಕಹಾಕಿ ಮಂಜು ಸೇರಿಸಿ, 2018ರಲ್ಲಿ ಫಾಗಿ ಸಿಟಿಸ್ಕೇಪ್ಸ್ ಹೆಸರಿನಲ್ಲಿ ಫಲಿತಾಂಶ ಪ್ರಕಟಿಸಿದರು. ಮದುವೆ ಆಲ್ಬಮ್ಮಿನ ಮಂಜಿನ ಹಿಂದಿರುವ ಸೂತ್ರವೇ ಅಲ್ಲೂ ಕೆಲಸ ಮಾಡಿದೆ.

ಸುದ್ದಿಚಿತ್ರದಲ್ಲಿ ಮಾತ್ರ ಇವಾವುದಕ್ಕೂ ಅವಕಾಶವಿಲ್ಲ. ಅಸೋಸಿಯೇಟೆಡ್ ಪ್ರೆಸ್, ರಾಯಿಟರ್ಸ್ ಸಂಸ್ಥೆಗಳ ನಿಯಮದಂತೆ ಚಿತ್ರಕ್ಕೆ ಏನನ್ನೂ ಸೇರಿಸುವಂತಿಲ್ಲ, ತೆಗೆಯುವಂತಿಲ್ಲ. ಒಂದು ಮೋಡವನ್ನೂ ಅಲ್ಲ. ಸಂಪಾದನೆಯ ಇತಿಹಾಸವನ್ನು ಕಡತದೊಳಗೇ ದಾಖಲಿಸುವ ಸಿ2ಪಿಎ ಎಂಬ ಮಾನದಂಡಕ್ಕಾಗಿ 2021ರಲ್ಲಿ ಅಡೋಬಿ, ಮೈಕ್ರೋಸಾಫ್ಟ್, ಬಿಬಿಸಿ ಮುಂತಾದವು ಕೈಜೋಡಿಸಿದವು. ಆದರೆ ಚಿತ್ರದ ಸ್ಕ್ರೀನ್‌ಶಾಟ್ ತೆಗೆದು ಹಂಚಿದರೆ ಆ ದಾಖಲೆ ಅದರ ಜೊತೆ ಹೋಗುವುದಿಲ್ಲ.