ಮದುವೆ ಕ್ಯಾಸೆಟ್ಟಿನ ಕಾಲ

1997ರಲ್ಲಿ ಹಾವೇರಿ ಜಿಲ್ಲೆ ಆದ ಹೊತ್ತಿಗೆ ನಮ್ಮ ಕಡೆ ಮದುವೆಯ ನೆನಪು ಅಂದರೆ ವಿಡಿಯೋ ಕ್ಯಾಸೆಟ್. ಮುಂದೆ ಸ್ಟುಡಿಯೋಗಳಿಗೆ ಕಂಪ್ಯೂಟರ್ ಬಂತು. ಅದರಲ್ಲಿ ಜೋಡಿಸಿದ ಚಿತ್ರ ಕ್ಯಾಸೆಟ್ಟಿಗೆ ಹೋಗಬೇಕಾದರೆ ಟಿವಿ-ಔಟ್ ಕಾರ್ಡಿನಿಂದ ವಿಸಿಆರ್‌ಗೆ ವೈರ್ ಹಾಕಿ, ಇತ್ತ ಓಡಿಸುತ್ತ ಅತ್ತ ರೆಕಾರ್ಡ್ ಮಾಡಬೇಕು. ಮೂರು ತಾಸಿನ ಮದುವೆಗೆ ಮೂರು ತಾಸೇ ಬೇಕು. ನಡುವೆ ಕರೆಂಟ್ ಹೋದರೆ ಮತ್ತೆ ಮೊದಲಿನಿಂದ!

ಆಮೇಲೆ ವಿಸಿಡಿ ಬಂತು. ಒಂದು ಸಿಡಿಗೆ ಹಿಡಿಸುವುದು ಸುಮಾರು 80 ನಿಮಿಷ. ಹಾಗಾಗಿ ಒಂದೇ ಮದುವೆಗೆ ಎರಡು-ಮೂರು ಸಿಡಿ. 2016ರಲ್ಲಿ ಜಪಾನಿನ ಫುನಾಯ್ ಕಂಪನಿಯೂ ವಿಸಿಆರ್ ತಯಾರಿಕೆ ನಿಲ್ಲಿಸಿತು.

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆಯ ಮನೆಗಳ ಟ್ರಂಕಿನಲ್ಲಿ ಇಂಥ ಕ್ಯಾಸೆಟ್, ಸಿಡಿ ಇನ್ನೂ ಇವೆ. ಅಜ್ಜಿಯ ಮುಖ ಫೋಟೊದಲ್ಲೂ ಸಿಗುತ್ತದೆ. ಆಕೆ ಹಾಡಿದ ಸೋಬಾನೆ ಪದ ಅದರಲ್ಲಿ ಮಾತ್ರ. ಟೇಪಿಗೆ ಬೂಷ್ಟು ಹಿಡಿಯುವ ಮೊದಲೇ ಪೆನ್‌ಡ್ರೈವ್‌ಗೆ ಹಾಕಿಸಿಕೊಳ್ಳಿ.